ನಲವತ್ತರ ಹೊತ್ತಿಗೆ ಓಟ

ಕೇಳುಗರಿಗೆ ನಮಸ್ಕಾರ.

ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಓಡದ ನಮ್ಮಲ್ಲಿ ಅನೇಕರು, ನಲವತ್ತರ ಆಸುಪಾಸಿನಲ್ಲಿ, ರಕ್ತಪರೀಕ್ಷೆಯ ವರದಿ ಕೈಗೆ ಬಂದ ಮೇಲೋ ಸಹೋದ್ಯೋಗಿಯೊಬ್ಬರು ಕೊರಳಲ್ಲಿ ಪದಕ ಹಾಕಿಕೊಂಡ ಚಿತ್ರ ನೋಡಿದ ಮೇಲೋ, ಒಂದು ಜೊತೆ ಹೊಸ ಶೂ ಕೊಂಡು ಬೆಳಗಿನ ಜಾವ ಮೈದಾನಕ್ಕೆ ಇಳಿಯುತ್ತಾರೆ. ಹೀಗೆ ಇಳಿದವರಲ್ಲಿ ಬಹುಮಂದಿ ತಿಂಗಳು ತುಂಬುವ ಮೊದಲೇ ಬಿಟ್ಟೂ ಬಿಡುತ್ತಾರೆ. ಬಿಟ್ಟವರು ತಮ್ಮಲ್ಲಿ ಛಲವಿಲ್ಲವೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರಾದರೂ, ನಾನು ಮೈದಾನದಲ್ಲಿ ಕಂಡ ಮಟ್ಟಿಗೆ ದೋಷವಿರುವುದು ವೇಗದಲ್ಲಿ. ಶಾಲೆಯಲ್ಲಿ ಓಟವೆಂದರೆ ನೂರು ಮೀಟರ್ ಪಂದ್ಯ. ಸೀಟಿ ಊದಿದೊಡನೆ ಹಲ್ಲು ಕಚ್ಚಿ ಧಾವಿಸುವುದು. ದೇಹಕ್ಕೆ ನೆನಪಿರುವ ಓಟ ಅದೊಂದೇ ಆದ್ದರಿಂದ ಮೂವತ್ತು ವರ್ಷಗಳ ನಂತರವೂ ಅದು ಹಾಗೆಯೇ ಧಾವಿಸಲು ಹೊರಡುತ್ತದೆ, ಎರಡು ನಿಮಿಷದಲ್ಲಿ ಏದುಸಿರು ಬಿಟ್ಟು ನಿಲ್ಲುತ್ತದೆ.

ದೊಡ್ಡವರು ಆರೋಗ್ಯಕ್ಕಾಗಿ ನಿಧಾನವಾಗಿ ಓಡಬಹುದು ಎಂಬ ವಿಚಾರಕ್ಕೇ ಇನ್ನೂ ಅಷ್ಟೇನೂ ವಯಸ್ಸಾಗಿಲ್ಲ. ಅದು ಹಬ್ಬಿದ ಊರುಗಳಲ್ಲಿ ಮುಖ್ಯವಾದದ್ದು ನ್ಯೂಜಿಲೆಂಡಿನ ಆಕ್ಲೆಂಡ್. ಅಲ್ಲಿ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್, ರಗ್ಬಿ ಆಡುತ್ತಿದ್ದ ಕಾರಣದಿಂದ ತಾವು ಗಟ್ಟಿಮುಟ್ಟಾಗಿದ್ದೇವೆಂದೇ ನಂಬಿದ್ದವರು, ಸ್ನೇಹಿತರೊಬ್ಬರ ಜೊತೆ ಐದು ಮೈಲಿ ಓಡಿ ಬಸವಳಿದುಹೋದರು. ಆ ಬಳಿಕ ತಮ್ಮ ದೇಹದ ಮೇಲೆಯೇ ವರ್ಷಗಟ್ಟಲೆ ಪ್ರಯೋಗ ನಡೆಸಿ, ದೂರವನ್ನು ಆರಾಮವಾಗಿ ಓಡಿಯೇ ದಮ್ಮು ಕಟ್ಟಿಕೊಳ್ಳಬೇಕೆಂಬ ಕ್ರಮವನ್ನು ರೂಪಿಸಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್ ಓಟದಲ್ಲೂ ಮರೆ ಹ್ಯಾಲ್ಬರ್ಗ್ 5000 ಮೀಟರ್ ಓಟದಲ್ಲೂ ಒಂದೇ ದಿನ ಚಿನ್ನ ಗೆದ್ದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಲಿಡಿಯಾರ್ಡ್ ಅವರ ಮುಂದಿನ ಕೆಲಸ. ಹೃದ್ರೋಗಿಗಳಿಗೆ ವೈದ್ಯರು ಹಾಸಿಗೆ ಬಿಟ್ಟು ಏಳಬೇಡಿ ಎನ್ನುತ್ತಿದ್ದ ಕಾಲದಲ್ಲಿ, ಲಿಡಿಯಾರ್ಡ್ ಅಂಥವರನ್ನೂ ಸೇರಿಸಿಕೊಂಡು ಮೆಲ್ಲನೆ ಓಡಿಸತೊಡಗಿದರು. 1962ರ ಕೊನೆಯಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್, ಲಿಡಿಯಾರ್ಡ್ ಅವರನ್ನು ನೋಡಲು ಹೋದಾಗ, ಐವತ್ತು ದಾಟಿದ್ದ ಈ ಅತಿಥಿ ಆ ಗುಂಪಿನ ಜೊತೆ ಓಡಲಾರದೆ ಹಿಂದೆ ಬಿದ್ದರು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡು ಚೇತರಿಸಿಕೊಂಡಿದ್ದ ಹಿರಿಯರೊಬ್ಬರು ತಾವೂ ಹಿಂದುಳಿದು ಅವರೊಡನೆ ಮಾತನಾಡುತ್ತಾ ಬಂದರಂತೆ. ಊರಿಗೆ ಮರಳಿದ ಬೋವರ್‌ಮನ್ ಅಲ್ಲಿನ ಜನಸಾಮಾನ್ಯರಿಗೆ ಜಾಗಿಂಗ್ ತರಗತಿಗಳನ್ನು ಆರಂಭಿಸಿದರು. ಮುಂದೆ ನೈಕಿ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದವರೂ ಇವರೇ.

ನಿಧಾನವೇ ಏಕೆ ಬೇಕು ಎಂಬುದಕ್ಕೆ ಶರೀರಶಾಸ್ತ್ರದಲ್ಲಿ ಸ್ಪಷ್ಟ ಉತ್ತರವಿದೆ. ಓಟ ಆರಂಭಿಸಿದ ಎರಡೇ ವಾರಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡತೊಡಗುತ್ತದೆ. ಇನ್ನು ಕೆಲವು ವಾರಗಳಲ್ಲಿ ಸ್ನಾಯುಗಳಿಗೆ ಹೊಸ ಸೂಕ್ಷ್ಮ ರಕ್ತನಾಳಗಳು ಹಬ್ಬುತ್ತವೆ. ಹೀಗಾಗಿ ಒಂದೂವರೆ ತಿಂಗಳ ಹೊತ್ತಿಗೆ ಉಸಿರಾಟ ಹಗುರವಾಗಿ, ಇನ್ನೂ ದೂರ, ಇನ್ನೂ ಬೇಗ ಓಡಬಲ್ಲೆನೆಂಬ ಹುರುಪು ಬರುತ್ತದೆ. ಎಡವುವುದು ಇಲ್ಲಿಯೇ. ಮೀನಖಂಡವನ್ನು ಹಿಮ್ಮಡಿಗೆ ಬಿಗಿಯುವ ಸ್ನಾಯುರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೂಳೆಯ ರೀತಿ ಇನ್ನೂ ವಿಚಿತ್ರವಾದದ್ದು. ಹೊಸ ಭಾರಕ್ಕೆ ಒಗ್ಗಿಕೊಳ್ಳುವಾಗ ಅದು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ, ಆ ಮೇಲೆ ಅಲ್ಲಿ ಹೊಸದನ್ನು ಕಟ್ಟುತ್ತದೆ. ಈ ಕೆಲಸ ಮುಗಿಯಲು ಮೂರು ನಾಲ್ಕು ತಿಂಗಳು ಹಿಡಿಯುವುದರಿಂದ, ಉಸಿರು ಹಗುರವಾದ ಆ ದಿನಗಳಲ್ಲಿಯೇ ಮುಂಗಾಲಿನ ಎಲುಬು ತುಸು ದುರ್ಬಲವಾಗಿರುವ ಸಂಭವವಿದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ ಎಂಬುದನ್ನು ಇದರ ಜೊತೆಗೆ ಸೇರಿಸಿ ನೋಡಿದರೆ, ಹೊಸಬರ ನೋವುಗಳಲ್ಲಿ ಅನೇಕವು ಎರಡನೆಯ, ಮೂರನೆಯ ತಿಂಗಳಲ್ಲಿ ಏಕೆ ಕಾಣಿಸಿಕೊಳ್ಳುತ್ತವೆ ಎಂಬುದು ತಿಳಿಯುತ್ತದೆ.

ಆದ್ದರಿಂದ ಆರಂಭದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಇಷ್ಟು ಸಾಕು. ವೇಗ ಸರಿಯಿದೆಯೇ ಎಂದು ತಿಳಿಯಲು ಕೈಗಡಿಯಾರದ ಯಂತ್ರಗಳೂ ಬೇಡ. ಓಡುತ್ತಲೇ, "ನಾಳೆ ಗ್ಯಾಸ್ ಬುಕ್ ಮಾಡಬೇಕು, ಮಗಳ ಶಾಲೆಯ ಫೀಸು ಕಟ್ಟಬೇಕು" ಎಂದು ನಡುವೆ ತಡೆಯದೆ ಹೇಳಲು ಬಂದರೆ ವೇಗ ಸರಿಯಿದೆ. "ಗ್ಯಾಸ್" ಎನ್ನುವಷ್ಟರಲ್ಲಿ ಉಸಿರು ಕಟ್ಟಿದರೆ ನಡೆಯಬೇಕು. ಪಕ್ಕದಲ್ಲಿ ಬಿರುಸಾಗಿ ವಾಕಿಂಗ್ ಮಾಡುವ ನಿವೃತ್ತರೊಬ್ಬರು ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ ಬಿಡಿ.

ನೋವುಗಳಲ್ಲಿ ಒಂದನ್ನು ವಿಶೇಷವಾಗಿ ಹೇಳಬೇಕು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಅಡಿಯಲ್ಲಿ ಮೊಳೆ ತುಳಿದಂತೆ ಚುಚ್ಚಿ, ಹತ್ತು ಹನ್ನೆರಡು ಹೆಜ್ಜೆಗಳಲ್ಲಿ ಅದು ತಗ್ಗುತ್ತದೆ. ತಗ್ಗಿತಲ್ಲ ಎಂದು ಓಡಿದವರು ಮತ್ತೆ ತಿಂಗಳುಗಟ್ಟಲೆ ಕುಂಟುತ್ತಾರೆ. ಅಂಗಾಲಿನ ಉದ್ದಕ್ಕೂ ಹಾಯುವ ಪಟ್ಟಿಯ ಮೇಲೆ ಅದಕ್ಕೆ ತಾಳಲಾಗದಷ್ಟು ಭಾರ ಬಿದ್ದಿದೆ ಎಂಬುದರ ಸೂಚನೆ ಅದು. ಓಟವನ್ನು ತಗ್ಗಿಸಿ, ಗೋಡೆಗೆ ಎರಡೂ ಕೈ ಊರಿ, ಒಂದು ಕಾಲನ್ನು ಹಿಂದಕ್ಕಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮೀನಖಂಡವನ್ನು ಎಳೆದು ನಿಲ್ಲುವ ಅಭ್ಯಾಸವನ್ನು ದಿನವೂ ಮಾಡಬೇಕು.

ಈ ವಯಸ್ಸಿನಲ್ಲಿ ಓಡಿದರೆ ಮೊಣಕಾಲು ಸವೆದುಹೋಗುತ್ತದೆ ಎಂದು ಮನೆಯ ಹಿರಿಯರು ಎಚ್ಚರಿಸುವುದುಂಟು. ಹವ್ಯಾಸಕ್ಕೆ ಓಡುವವರಲ್ಲಿ ಮೊಣಕಾಲಿನ ಸವೆತ, ಕುಳಿತೇ ಇರುವವರಿಗಿಂತ ಹೆಚ್ಚೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಹಳೆಯ ಪೆಟ್ಟು ಮತ್ತು ಅತಿಯಾದ ಮೈತೂಕ ಮೊಣಕಾಲಿಗೆ ಹೆಚ್ಚಿನ ಅಪಾಯ. ಆದರೂ ಈಗಾಗಲೇ ಊತವಿರುವವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು ವೈದ್ಯರನ್ನು ಕಾಣದೆ ಓಟಕ್ಕೆ ಇಳಿಯಬಾರದು. ಶೂ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ: ಕಾಲಿಗೆ ಹಿತವಾಗಿದ್ದು, ಬೆರಳಿನ ಮುಂದೆ ಒಂದಿಷ್ಟು ಜಾಗವಿದ್ದರೆ ಸಾಕು, ಬೆಲೆ ಮುಖ್ಯವಲ್ಲ.

ನಮ್ಮ ನಾಡಿನ ಹವೆಯಂತೂ ಊರಿಗೊಂದು ಬಗೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಏಳಕ್ಕೂ ತಂಪಿರುತ್ತದೆ. ಬೇಸಿಗೆಯ ಕಲಬುರಗಿಯಲ್ಲಿ ಸೂರ್ಯ ಹುಟ್ಟುವ ಮೊದಲೇ ಓಟ ಮುಗಿದಿರಬೇಕು. ಮಂಗಳೂರಿನ ಕಡೆ ಬೆವರು ಆರುವುದೇ ಇಲ್ಲವಾದ್ದರಿಂದ ಅದೇ ವೇಗಕ್ಕೆ ಹೃದಯ ಹೆಚ್ಚು ದುಡಿಯುತ್ತದೆ, ಅಲ್ಲಿನವರು ಇನ್ನಷ್ಟು ನಿಧಾನವಾಗಿಯೇ ಓಡಬೇಕು. ಮಹಿಳೆಯರಿಗೆ ಹವೆಗಿಂತ ದೊಡ್ಡ ತೊಡಕುಗಳಿವೆ. ಕತ್ತಲಿರುವ ರಸ್ತೆ, ಬೀದಿನಾಯಿ, ದಿಟ್ಟಿಸುವ ಕಣ್ಣುಗಳು, ಮನೆಯವರ ತಿಂಡಿಯ ಹೊತ್ತು. ಶಾಲೆ ಕಾಲೇಜುಗಳ ಮೈದಾನಗಳನ್ನು ಬೆಳಗಿನ ಒಂದು ಗಂಟೆ ಊರಿನವರಿಗೆ ತೆರೆದಿಟ್ಟರೆ, ಇವುಗಳಲ್ಲಿ ಮೊದಲ ಮೂರಾದರೂ ತಗ್ಗುತ್ತವೆ ಎಂಬುದು ನನ್ನ ಅಭಿಪ್ರಾಯ. ನಾಲ್ಕನೆಯದನ್ನು ಮನೆಯ ಗಂಡಸರು ನೋಡಿಕೊಳ್ಳಬೇಕು.

ವಯಸ್ಸು ಮೀರಿತು ಎನ್ನುವವರಿಗೆ ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ ಅವರ ಹೆಸರು ಗೊತ್ತಿರಬಹುದು. ಪತ್ನಿಯನ್ನೂ ಮಗನನ್ನೂ ಕಳೆದುಕೊಂಡ ದುಃಖದಲ್ಲಿ ಓಟ ಹಿಡಿದ ಅವರು, ಪಾಸ್‌ಪೋರ್ಟಿನ ಲೆಕ್ಕದಲ್ಲಿ 89ನೆಯ ವಯಸ್ಸಿನಲ್ಲಿ, 2000ದ ಲಂಡನ್ ಮ್ಯಾರಥಾನ್ ಓಡಿದರು. 2011ರಲ್ಲಿ ಟೊರೊಂಟೊದಲ್ಲಿ ನೂರರ ಪ್ರಾಯದಲ್ಲಿ 42 ಕಿಲೋಮೀಟರ್ ಮುಗಿಸಿದರು. ಜನನ ಪ್ರಮಾಣಪತ್ರವಿಲ್ಲದ ಕಾರಣ ಗಿನ್ನೆಸ್ ಸಂಸ್ಥೆ ಆ ದಾಖಲೆಯನ್ನು ಒಪ್ಪಲಿಲ್ಲ. ಪ್ರಮಾಣಪತ್ರ ಇಲ್ಲದಿದ್ದರೂ ದೂರವೇನೂ ಕಡಿಮೆಯಾಗಲಿಲ್ಲ.

ಆರು ತಿಂಗಳು ಹೀಗೆ ತಾಳ್ಮೆಯಿಂದ ಓಡಿದವರು, ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟಕ್ಕೋ ತಮ್ಮ ಊರಿನ ಅಂಥದೇ ಓಟಕ್ಕೋ ಧೈರ್ಯವಾಗಿ ಹೆಸರು ಕೊಡಬಹುದು. ಆ ದಿನ ಹಿಂದಿನ ಸಾಲಿನಲ್ಲಿಯೇ ನಿಲ್ಲಿ. ಮೊದಲ ಎರಡು ಕಿಲೋಮೀಟರಿನಲ್ಲಿ ನಿಮ್ಮನ್ನು ಹಿಂದಿಕ್ಕಿ ಹೋದವರಲ್ಲಿ ಅನೇಕರು, ಏಳನೆಯ ಕಿಲೋಮೀಟರಿನ ಹೊತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿರುವುದನ್ನು ನೀವು ನೋಡುತ್ತೀರಿ.

ನಮಸ್ಕಾರ.