ಕಾಲು ಅಲುಗಿದರೆ ಎಚ್ಚರವಾದಂತಲ್ಲ

ಕೇಳುಗರಿಗೆ ನಮಸ್ಕಾರ. ಆಪರೇಷನ್‌ಗೆ ಬಂದವರೆಲ್ಲ ನನ್ನನ್ನು ಕೇಳುವುದು ಒಂದೇ: "ಡಾಕ್ಟ್ರಮ್ಮ, ಮಧ್ಯೆ ಎಚ್ಚರ ಆಗಿಬಿಟ್ರೆ?" ಇವತ್ತು ಒಂದೇ ಮಾತು ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೊಳ್ಳಿ. ಅರಿವಳಿಕೆಯಲ್ಲಿ ನಿದ್ದೆ ಮಿದುಳಿನದು, ಅಲುಗದಿರುವುದು ಬೆನ್ನುಹುರಿಯದು.

ನಾನಿನ್ನೂ ಕೆಲಸ ಕಲಿಯುತ್ತಿದ್ದ ದಿನಗಳು. ಅಜ್ಜನೊಬ್ಬರ ತೊಡೆಯ ಗಡ್ಡೆ ತೆಗೆಯಬೇಕಿತ್ತು. ಸ್ನಾಯು ಸಡಿಲಿಸುವ ಇಂಜೆಕ್ಷನ್ ಇಲ್ಲ, ಬರೀ ಗ್ಯಾಸ್. ಬ್ಲೇಡು ಚರ್ಮಕ್ಕೆ ತಾಗಿದ್ದೇ ತಡ, ಬಲಗಾಲು ಸರಕ್ಕನೆ ಮಡಚಿಕೊಂಡಿತು, ಹೆಬ್ಬೆರಳು ನೆಟ್ಟಗೆ ನಿಂತಿತು. "ಅಜ್ಜನಿಗೆ ಎಚ್ಚರ!" ಎಂದು ಹೊಸ ಸಿಸ್ಟರ್ ಟ್ರೇ ಕೈಬಿಟ್ಟರು. ನನ್ನ ಎದೆಯೂ ಧಸಕ್ಕೆಂದಿತು. ನಮ್ಮ ಹಿರಿಯರು ಮಾತಾಡದೆ ಗ್ಯಾಸಿನ ಗುಂಡಿಯನ್ನು ತುಸು ತಿರುಗಿಸಿ ಕಾದರು. ಕೆಲವೇ ನಿಮಿಷ, ಕಾಲು ತಾನಾಗಿ ಚಾಚಿಕೊಂಡಿತು. ಸಂಜೆ ವಾರ್ಡಿಗೆ ಹೋಗಿ ವಿಚಾರಿಸಿದರೆ ಅಜ್ಜ, "ಮೂಗಿಗೆ ಮಾಸ್ಕ್ ಇಟ್ಟಿದ್ದಷ್ಟೇ ಗೊತ್ತು ಕಣಮ್ಮ. ಕೊಯ್ದಾಯ್ತಾ?" ಅಂದರು.

ಬಿಸಿ ಪಾತ್ರೆ ಮುಟ್ಟಿದ ಕೈ ನೀವು ಯೋಚಿಸುವ ಮೊದಲೇ ಹಿಂದೆ ಬರುತ್ತದಲ್ಲ, ಅಜ್ಜನ ಕಾಲೂ ಹಾಗೆಯೇ. ಬೆನ್ನುಹುರಿಯಲ್ಲಿ "ಎಳೆ" ಎನ್ನುವ ನರಗಳಿವೆ, "ಸುಮ್ಮನಿರು" ಎನ್ನುವ ತಡೆನರಗಳೂ ಇವೆ. ತಡೆನರಗಳು ಗ್ಲೈಸಿನ್, ಗಾಬಾ ಎಂಬ ರಾಸಾಯನಿಕ ಬಿಟ್ಟಾಗ ಎದುರಿನ ಕೋಶದಲ್ಲಿ ಕ್ಲೋರೈಡ್ ಕಣಗಳು ಒಳಬರುವ ಬಾಗಿಲು ತೆರೆದು ಅದರ ಆರ್ಭಟ ಇಳಿಯುತ್ತದೆ. ಐಸೋಫ್ಲುರೇನ್, ಸೆವೋಫ್ಲುರೇನ್ ಎಂಬ ಅರಿವಳಿಕೆ ಗ್ಯಾಸುಗಳು ಆ ಬಾಗಿಲನ್ನು ಇನ್ನಷ್ಟು ಹೊತ್ತು ತೆರೆದಿಡುತ್ತವೆ. ನಮ್ಮ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷ ತದ್ವಿರುದ್ಧ. ಅದು ಗ್ಲೈಸಿನ್ ಬಾಗಿಲಿಗೆ ಚಿಲಕ ಹಾಕುತ್ತದೆ. ಪೂರ್ತಿ ಎಚ್ಚರವಿರುವಾಗಲೇ ಮೈ ಬಿಲ್ಲಿನಂತೆ ಸೆಟೆದುಕೊಳ್ಳುತ್ತದೆ.

ಇಷ್ಟು ಹೇಳಿದರೂ "ಎಲ್ಲಾ ಮಿದುಳೇ ಅಲ್ವಾ" ಎನ್ನುವವರಿದ್ದಾರೆ. ಅವರಿಗಾಗಿ ಹೇಳುತ್ತೇನೆ. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಂಟೊಗ್ನಿನಿ ಮತ್ತು ಶ್ವಾರ್ಟ್ಜ್ ಎಂಬ ಸಂಶೋಧಕರು ಆಡುಗಳ ಮಿದುಳಿನ ಮತ್ತು ಮೈಯ ರಕ್ತದ ಹರಿವನ್ನು ಬೇರ್ಪಡಿಸಿ, ಐಸೋಫ್ಲುರೇನ್ ಮಿದುಳಿಗಷ್ಟೇ ಹೋಗುವಂತೆ ಮಾಡಿದರು. ಇಡೀ ಮೈಗೆ ಕೊಟ್ಟಾಗ ಆಡು ಅಲುಗದಿರಲು ಶೇಕಡಾ 1.2ರಷ್ಟು ಗ್ಯಾಸ್ ಸಾಕಾಗಿತ್ತು. ಮಿದುಳಿಗಷ್ಟೇ ಕೊಟ್ಟಾಗ 2.9 ಬೇಕಾಯಿತು! ಬೆನ್ನುಹುರಿಗೆ ಔಷಧಿ ತಲುಪದಿದ್ದರೆ ಕಾಲು ಸುಲಭಕ್ಕೆ ಮಾತು ಕೇಳುವುದಿಲ್ಲ.

ಸಮಯವಾಯಿತೆಂದು ಸನ್ನೆ ಮಾಡುತ್ತಿದ್ದಾರೆ. ಸಿಸೇರಿಯನ್‌ಗೆ ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಬೇರೆ, ಅದು ನರದ ಸಂದೇಶವನ್ನೇ ದಾರಿಯಲ್ಲಿ ನಿಲ್ಲಿಸುತ್ತದೆ. ಅದರಲ್ಲಿ ತಾಯಿ ಎಚ್ಚರವಾಗಿಯೇ ಇದ್ದು ಮಗುವಿನ ಮೊದಲ ಅಳು ಕೇಳಿಸಿಕೊಳ್ಳುತ್ತಾಳೆ. ನಮಸ್ಕಾರ.