ಎರಡನೇ ಕೃಷ್ಣ ಮತ್ತು ಸಿ.ಐ.ಡಿ. 999

ಬಂಧುಗಳೇ, ನಮಸ್ಕಾರ.

ಕುರುಕ್ಷೇತ್ರ ನಾಟಕ ಅಂದರೇನು ಅಂತ ತುಮಕೂರಿನವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮೂರು ಗುಬ್ಬಿ ತಾಲ್ಲೂಕು. ಅಲ್ಲಿ ನಮ್ಮ ಸೋದರಮಾವ ಪ್ರತಿ ಸಲವೂ ದುರ್ಯೋಧನ. ಪಾತ್ರಕ್ಕೆ ತಾವೇ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಪದ್ಯ ಕಲಿತು, ಬೆಳಗಿನ ಜಾವ ಭೀಮನ ಗದೆಗೆ ತೊಡೆ ಕೊಟ್ಟು ಬೀಳುತ್ತಿದ್ದರು. ಸಂಧಾನ ಮುರಿದುಬೀಳುತ್ತದೆ ಅಂತ ಊರಿಗೆಲ್ಲ ಗೊತ್ತು. ಆದರೂ ಆ ಸೀನು ಬಂದಾಗ ಚಾಪೆ ಮೇಲೆ ಮಲಗಿದ್ದ ನಮ್ಮನ್ನು ಅಜ್ಜಿ ತಟ್ಟಿ ಎಬ್ಬಿಸುತ್ತಿದ್ದರು. ಕಥೆ ತಿಳಿಯಲಿ ಅಂತಲ್ಲ, ಈ ವರ್ಷ ಮಾವ ಆ ಪದ್ಯ ಹೇಗೆ ಎತ್ತುತ್ತಾರೆ ನೋಡಲಿ ಅಂತ.

ಗೂಢಚಾರಿ ಸಿನಿಮಾ ನೋಡುವುದೂ ನನಗೆ ಹೀಗೆಯೇ. ಅವೆಲ್ಲ ಒಂದೇ ಥರ ಎಂದು ಮೂಗು ಮುರಿಯುವವರಿದ್ದಾರೆ. ಒಂದೇ ಥರ ಇರುತ್ತವೆ ಎಂಬ ಭರವಸೆಯಿಂದಲೇ ನಾವು ಹೋಗುವುದು! ಮೇಲಧಿಕಾರಿ ಕರೆಸಬೇಕು, ಕೆಲಸ ಒಪ್ಪಿಸಬೇಕು. ಒಂದು ಪೆನ್ನೋ ಗಡಿಯಾರವೋ ನಾಯಕನ ಕೈ ಸೇರಬೇಕು. ಆ ಗಡಿಯಾರ ಕಂಡ ಕ್ಷಣದಿಂದ ನಮ್ಮ ಮನಸ್ಸು ಅದರ ಹಿಂದೆಯೇ. ಕವಚ ಕುಂಡಲ ಕೊಟ್ಟು ಇಂದ್ರನಿಂದ ಶಕ್ತ್ಯಾಯುಧ ಪಡೆದ ಕರ್ಣನನ್ನು ನೆನೆಯಿರಿ. ಒಂದೇ ಸಲ ಬಳಸಬಹುದು, ಅರ್ಜುನನಿಗೆಂದು ಎತ್ತಿಟ್ಟದ್ದು, ಘಟೋತ್ಕಚನ ಮೇಲೆ ಹೋಗುತ್ತದೆ. ಗೊತ್ತಿದ್ದೂ ಆ ಗಳಿಗೆಯಲ್ಲಿ ನಮ್ಮ ಹೊಟ್ಟೆ ಕಿವುಚುತ್ತದೆ. ಗಡಿಯಾರ ಕೊಟ್ಟು ಆಮೇಲೆ ಅದನ್ನು ಮರೆತುಬಿಡುವ ಚಿತ್ರವನ್ನು ಮಾತ್ರ ನಾನು ಒಪ್ಪಲಾರೆ. ಅದು ಪ್ರೇಕ್ಷಕನಿಗೆ ಕೊಟ್ಟ ಮಾತಿಗೆ ತಪ್ಪಿದಂತೆ.

ನಮ್ಮ ನಾಟಕದಲ್ಲಿ ಒಂದೇ ರಾತ್ರಿ ಇಬ್ಬರು ಕೃಷ್ಣರು ಬರುವುದುಂಟು. ಒಂದನೇ ಕೃಷ್ಣ ಕಪ್ಪಗೆ, ಕುಳ್ಳಗೆ. ಎರಡನೇ ಕೃಷ್ಣ ಅವನಿಗಿಂತ ಒಂದು ಅಡಿ ಎತ್ತರ. ಯಾರೂ ಗೊಂದಲಪಟ್ಟಿದ್ದು ನಾನು ಕಾಣೆ. ಕಿರೀಟ, ನವಿಲುಗರಿ, ಕೊಳಲು ಇದ್ದರೆ ಅವನು ಕೃಷ್ಣ. ಜೇಮ್ಸ್ ಬಾಂಡ್ ಸರಣಿ 1962ರಲ್ಲಿ ಶುರುವಾಯಿತು. 2021ರ ಹೊತ್ತಿಗೆ ಮೂಲ ನಿರ್ಮಾಣ ಸಂಸ್ಥೆಯಿಂದಲೇ 25 ಚಿತ್ರಗಳು, ಆರು ಜನ ಬಾಂಡ್‌ಗಳು. ಅಲ್ಲೂ ವೇಷಧಾರಿ ಬದಲಾದ, ವೇಷ ಉಳಿಯಿತು.

ಈ ನಂಟು ನಮ್ಮ ಜಿಲ್ಲೆಯವರಿಗೆ ಇನ್ನೂ ಹತ್ತಿರದ್ದು. 1968ರಲ್ಲಿ ನಿರ್ದೇಶಕರಾದ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ಎಂಬ ಗೂಢಚಾರಿ ಚಿತ್ರ ಮಾಡಿದಾಗ ಕೋಟು ತೊಟ್ಟು ಪಿಸ್ತೂಲು ಹಿಡಿದು ಸಿ.ಐ.ಡಿ. 999 ಆದವರು ರಾಜ್‌ಕುಮಾರ್. ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ ಪಳಗಿದ ನಟ. ದೇವರ, ಭಕ್ತರ ಪಾತ್ರದಲ್ಲಿ ಅವರನ್ನು ಕಂಡಿದ್ದ ಜನ ಈ ವೇಷವನ್ನೂ ಒಪ್ಪಿಕೊಂಡರು. ಅದೇ ನಾಯಕ ಮುಂದಿನ ಚಿತ್ರದಲ್ಲಿ ಗೋವಾಕ್ಕೂ ಹೋದ, ಸರಣಿಯೇ ಬೆಳೆಯಿತು.

‘ಜೇಡರ ಬಲೆ’ ಪಕ್ಕದೂರಿನ ಟೆಂಟಿಗೆ ಬಂದಾಗ ಮೊದಲ ದಿನವೇ ಹೋಗಿದ್ದವರು ಮಾವ. ರಾತ್ರಿ ವಾಪಸ್ ಬಂದು ಕಾಲು ತೊಳೆಯುತ್ತಿದ್ದಾಗ, “ಕಥೆ ಏನು ಮಾವ?” ಅಂದೆ. ಕಥೆ ಹೇಳಲೇ ಇಲ್ಲ. ಚೆಂಬು ಕೆಳಗಿಟ್ಟು, ಎದೆ ಸೆಟೆಸಿ, ಒಂದು ಭುಜ ಮುಂದೆ ಮಾಡಿ ನಿಂತು ತೋರಿಸಿದರು.

“ಕೋಟು ಹಾಕ್ಕಂಡಿದ್ರೂ ನಿಂತ್ಕಂಡಿದ್ದು ರಂಗದ ಮೇಲೇ ಕಣ್ಲಾ” ಅಂದರು.

ಮಾರನೇ ದಿನ ಮತ್ತೆ ಹೊರಟರು, ಈ ಸಲ ನನ್ನನ್ನೂ ಕರೆದುಕೊಂಡು.