ಮಗುವಿನ ಮೊದಲ ಹಣ್ಣು: ಬೆರಳಲ್ಲಿ ಒತ್ತಿ ನೋಡಿ

(ತಟ್ಟೆಯಲ್ಲಿ ಏಲಕ್ಕಿ ಬಾಳೆ, ಸಣ್ಣ ಚಮಚ)

ನಮಸ್ಕಾರ. ಮನೇಲಿ ಪುಟ್ಟ ಮಗು ಇದೆ ಅಂದ್ರೆ ಯಾರಾದ್ರೂ ಒಬ್ರು ಬಾಳೆಹಣ್ಣು ಹಿಡ್ಕೊಂಡು ಬಂದೇ ಬರ್ತಾರೆ. ಕೆಲವರಿಗೆ ನಾಲ್ಕನೇ ತಿಂಗಳಿಗೇ ಅವಸರ. ಸ್ವಲ್ಪ ತಡೀರಿ ಅನ್ನಿ. 6 ತಿಂಗಳು ತುಂಬೋವರೆಗೆ ಎದೆಹಾಲೇ ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಲೆಂಡರ್ ಜೊತೆ ಮಗುವನ್ನೂ ನೋಡಿ: ಕತ್ತು ನಿಂತಿದೆಯಾ? ಆಸರೆ ಕೊಟ್ರೆ ಕೂರುತ್ತಾ?

(ಹಣ್ಣು ಕಿವುಚುವ ಕೈ)

ಏಲಕ್ಕಿ ಬಾಳೆ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿರಲಿ. ಅರೆಗಾಯಲ್ಲಿ ಪಿಷ್ಟ ಜಾಸ್ತಿ, ಮಲ ಗಟ್ಟಿಯಾಗಬಹುದು. ಚಮಚದಲ್ಲೇ ಕಿವುಚಿ, ಮಿಕ್ಸಿ ಯಾಕೆ? ಮುಂದೆ ಅನ್ನ ತಿನ್ನೋ ನಾಲಿಗೆಗೆ ತರಿತರಿಯೂ ಗೊತ್ತಾಗಬೇಕಲ್ಲ. ಮೊದಲ ದಿನ ಎರಡು ಚಮಚ ಸಾಕು. ಹೊಸ ಹಣ್ಣು ಕೊಟ್ಟ ಮೇಲೆ ಮೂರು ದಿನ ಮತ್ತೊಂದು ಹೊಸದು ಬೇಡ. ಮೈ ಮೇಲೆ ದದ್ದು ಎದ್ರೆ ಯಾವುದರಿಂದ ಅಂತ ಗೊತ್ತಾಗಬೇಕು.

ಪಪ್ಪಾಯಿ ಉಷ್ಣ ಅಂತ ಅಜ್ಜಿ ತಡೀಬಹುದು. ಜಗಳ ಬೇಡ, ಆದ್ರೆ ಚೆನ್ನಾಗಿ ಹಣ್ಣಾಗಿದ್ರೆ ಧಾರಾಳವಾಗಿ ಕೊಡಬಹುದು. ಸಪೋಟ ಬೀಜದ ತುದೀಲಿ ಸಣ್ಣ ಕೊಕ್ಕೆ ಇದೆ, ಗಂಟಲಲ್ಲಿ ಸಿಕ್ಕೊಂಡ್ರೆ ಕಷ್ಟ. ಒಂದೊಂದಾಗಿ ಎಣಿಸಿ ತೆಗೀರಿ. ಸೇಬು ಮೆತ್ತಗಿನ ಹಣ್ಣೇ ಅಲ್ಲ, ಹಬೆಯಲ್ಲಿ ಬೇಯಿಸಿ.

(ಎರಡು ಬೆರಳ ನಡುವೆ ಪಪ್ಪಾಯಿ ತುಂಡು)

ಹೆಬ್ಬೆರಳು, ತೋರುಬೆರಳ ಮಧ್ಯೆ ಮೆಲ್ಲಗೆ ಒತ್ತಿ. ಬೆಣ್ಣೆ ಥರ ಕಿವುಚಿ ಹೋಯ್ತಾ? ಹಲ್ಲಿಲ್ಲದ ವಸಡಿಗೂ ಅದು ಸುಲಭ. ದ್ರಾಕ್ಷಿ ಎಷ್ಟೇ ಮೆತ್ತಗಿರಲಿ, ಇಡಿಯಾಗಿ ಬೇಡವೇ ಬೇಡ. ಉಸಿರುನಾಳಕ್ಕೆ ಬಿರಡೆ ಹಾಕಿದ ಹಾಗೆ ಕೂತ್ಕೊಳ್ಳುತ್ತೆ. ಮುಂದೆ ಕೊಡುವಾಗಲೂ ಉದ್ದಕ್ಕೆ ನಾಲ್ಕು ಸೀಳು ಮಾಡಿ.

ಮಗು ಓಕರಿಸಿದ ಕೂಡಲೇ ಗಾಬರಿ ಬೀಳಬೇಡಿ. ಕೆಮ್ಮು, ಅಳು ಕೇಳಿಸ್ತಿದ್ರೆ ಉಸಿರು ಆಡ್ತಿದೆ ಅಂತ. ಸದ್ದೇ ಇಲ್ಲ, ತುಟಿ ನೀಲಿಯಾಗ್ತಿದೆ ಅಂದ್ರೆ ಅಪಾಯ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿನ ಮೇಲೆ ಎರಡು ಹೆಗಲ ಮೂಳೆಗಳ ಮಧ್ಯೆ ಅಂಗೈ ಬುಡದಿಂದ 5 ಏಟು. ಸಿಕ್ಕೊಂಡ ತುಂಡು ಹೊರಗೆ ಬರದಿದ್ರೆ ಅಂಗಾತ ತಿರುಗಿಸಿ, ಎದೆಮೂಳೆ ಮೇಲೆ ಒಂದು ಅಂಗೈ ಬುಡದಿಂದ 5 ಸಲ ಒತ್ತಿ. ಹೀಗೇ ಮಾಡ್ತಾ ಇರಿ, ಪಕ್ಕದಲ್ಲಿರೋರು 108ಕ್ಕೆ ಕರೆ ಮಾಡಲಿ.

ಸಕ್ಕರೆ ಬೆರೆಸಬೇಡಿ. ಜೇನುತುಪ್ಪವಂತೂ 1 ವರ್ಷ ತುಂಬೋವರೆಗೆ ಬೇಡ, ಬೊಟುಲಿಸಂ ಅನ್ನೋ ಗಂಭೀರ ಕಾಯಿಲೆ ಬರಬಹುದು.

ಹಾಗಂತ ಹಣ್ಣಲ್ಲೇ ಹೊಟ್ಟೆ ತುಂಬಿಸೋ ಹಾಗಿಲ್ಲ. ಹುಟ್ಟುವಾಗ ಮೈಯಲ್ಲಿದ್ದ ಕಬ್ಬಿಣಾಂಶ ಈ ಹೊತ್ತಿಗೆ ಕರಗ್ತಾ ಬಂದಿರುತ್ತೆ, ಹಣ್ಣಲ್ಲಿ ಅದು ಕಮ್ಮಿ. ರಾಗಿ ಸರಿ, ಬೇಳೆ, ಮೊಟ್ಟೆ ಬೇಕೇ ಬೇಕು. ಸರಿ ಜೊತೆ ಎರಡು ಚಮಚ ಪಪ್ಪಾಯಿ ಇಟ್ರೆ ಅದರ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳೋಕೆ ನೆರವಾಗುತ್ತೆ.

ಉಗುಳಿಬಿಡ್ತಾ? ನಾಳೆ ಮತ್ತೆ ಇಡಿ. ಹಳೇ ಅಂಗಿ ಹಾಕಿ ಮಾತ್ರ, ಬಾಳೆ ಕಲೆ ಅಷ್ಟು ಸುಲಭಕ್ಕೆ ಹೋಗಲ್ಲ.